ಸೊಂಟದ ಮಟ್ಟಕ್ಕೆ ನಿಂತ ಗಾಡಿ

ದಾಂಡೇಲಿಯಿಂದ ಹಳಿಯಾಳದವರೆಗೆ ಆ ಕಾಲಕ್ಕೆ ಎಷ್ಟು ಫಿಟ್ಟರುಗಳಿದ್ದರೋ, ಅವರೆಲ್ಲರಲ್ಲಿ ನಾನೇ ಜಾಣ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಏಕೆಂದರೆ ಹೇಳಬೇಕಾದವರೆಲ್ಲ ತೀರಿಹೋಗಿದ್ದಾರೆ. ನಂಬದಿದ್ದರೆ ಬಿಡಿ, ನನಗೇನೂ ನಷ್ಟವಿಲ್ಲ. ಆದರೆ ಅಂಥ ಜಾಣನೂ ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಒಂದು ಗಾಡಿಯ ಮುಂದೆ ಹೆಣಗಿದ್ದುಂಟು.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಕಾಗದದ ಗಿರಣಿಯಲ್ಲಿದ್ದೆ. ಅಲ್ಲಿಯ ಗೋದಾಮಿಗೆ ಪರದೇಶದಿಂದ ಹಡಗಿನಲ್ಲಿ ಒಂದು ಬ್ಯಾಟರಿ ಗಾಡಿ ಬಂದಿತ್ತು. ಮುಂದೆ ಎರಡು ಕಬ್ಬಿಣದ ಕೈ, ಹಿಂದೆ ಬ್ಯಾಟರಿ, ನಡುವೆ ಎಣ್ಣೆಯ ಟಾಕಿ. ಮೋಟಾರು ಪಂಪನ್ನು ತಿರುಗಿಸುತ್ತದೆ, ಪಂಪು ಟಾಕಿಯ ಎಣ್ಣೆಯನ್ನು ಎಳೆದು ಸಿಲಿಂಡರಿಗೆ ತಳ್ಳುತ್ತದೆ, ಕೈಗಳು ಕಾಗದದ ರೀಲನ್ನು ಹೊತ್ತು ಮೇಲೇಳುತ್ತವೆ. ಎಂಟು ಹಮಾಲರು ಬೆವರು ಸುರಿಸಿ ಮಾಡುವ ಕೆಲಸವನ್ನು ಅದು ಕೂತಲ್ಲೇ ಮಾಡುತ್ತಿತ್ತು.

ಅದರ ಮೇಲೆ ಕೂತವರು ನಮ್ಮ ಮಾವ, ನನ್ನ ಹೆಂಡತಿಯ ತಂದೆ. ಅದಕ್ಕೂ ಮೊದಲು ಅವರು ಹಮಾಲರ ಗ್ಯಾಂಗಿನಲ್ಲಿ ರೀಲು ನೂಕುತ್ತಿದ್ದರು. ನೂಕಿ ನೂಕಿ ಸೊಂಟ ಹೋಗಿತ್ತು. ಇನ್ನು ಭಾರ ಮುಟ್ಟಿದರೆ ಹಾಸಿಗೆಯೇ ಗತಿ ಎಂದು ಡಾಕ್ಟರು ಹೇಳಿದ್ದರು. ಅಷ್ಟರಲ್ಲಿ ಈ ಗಾಡಿ ಬಂದು ಅವರನ್ನು ಉಳಿಸಿತು.

ಒಂದು ಬೆಳಿಗ್ಗೆ ಗಾಡಿ ಕೈ ಎತ್ತಲು ಹೋಗಿ ಸೊಂಟದ ಮಟ್ಟಕ್ಕೆ ನಿಂತುಬಿಟ್ಟಿತು. ಪಂಪು ಕರು ಸತ್ತ ಎಮ್ಮೆಯಂತೆ ಒದರುತ್ತಿತ್ತು, ಕೈಗಳು ಮಾತ್ರ ಒಂದು ಬೆರಳಿನಷ್ಟೂ ಮೇಲೆ ಹೋಗಲಿಲ್ಲ. ಬೆಳಗಾವಿ ಕಡೆಯ ಇಂಜಿನಿಯರ್ ಸಾಹೇಬರು ಬಂದು ಕಿವಿಗೊಟ್ಟು ಕೇಳಿದರು.

"ಪಂಪ್ ಸವದೈತಿ. ಹೊಸಾದು ಹಡಗಿನಾಗ ಬರಬೇಕು. ಅಲ್ಲೀತನಕಾ ಗಾಡಿ ಮೂಲ್ಯಾಗ ನಿಂದರಲಿ. ಡ್ರೈವರ್ ನಾಳಿಂದ ತನ್ನ ಹಳೇ ಗ್ಯಾಂಗಿಗೆ ಹೋಗ್ಲಿ."

ಮಾವ "ಆತ್ರೀ ಸಾಹೇಬ್ರ" ಎಂದರು. ಅಷ್ಟೇ. ಅವರ ಕೈ ತಾನಾಗಿ ಬೆನ್ನ ಹಿಂದೆ ಸೊಂಟಕ್ಕೆ ಹೋಯಿತು. ಅದನ್ನು ನೋಡಿ ನನ್ನ ಬಾಯಿ ಸುಮ್ಮನಿರಲಿಲ್ಲ.

"ಸಾಹೇಬ್ರ, ಸಂಜೀ ಪಾಳಿ ಭೋಂಗಾ ಕೂಗೂದ್ರಾಗ ನಾ ಇದನ್ನ ಕುಣಸ್ತೇನ್ರಿ!"

"ನೀನಾ? ಬಿದಿರಿನ ಎಣ್ಣಿ ತರಸಿದಾಂವ ನೀನ ಅಲ್ಲೇನಲೇ?"

ಹೌದು, ನಾನೇ. ಮುಂಡಗೋಡದ ಕಡೆಯಿಂದ ಹೊಸದಾಗಿ ಬಂದ ಒಬ್ಬ ಗುಮಾಸ್ತನಿಗೆ, ಜೋಯಿಡಾ ಕಾಡಿನ ಬಿದಿರನ್ನು ಹಿಂಡಿ ಎಣ್ಣೆ ತೆಗೆಯುತ್ತಾರೆ, ಸಾಹೇಬರ ಮಂಡಿನೋವಿಗೆ ಬೇಕಂತೆ ಎಂದು ಹೇಳಿ ಕಳಿಸಿದ್ದೆ. ಅವನು ಬಾಟಲಿ ಹಿಡಿದು ಹಳಿಯಾಳದ ಅಂಗಡಿಗಳನ್ನೆಲ್ಲ ಸುತ್ತಿ ಬಂದ. ಇಂದಿಗೂ ನೆನೆದರೆ ಹೊಟ್ಟೆ ಹಿಡಿದು ನಗುತ್ತೇನೆ. ಆದರೆ ಆ ದಿನ ಮಾತ್ರ ನಗು ಬರಲಿಲ್ಲ.

"ಆತು, ಸಂಜೀತನಕಾ ನೋಡು. ಚೇಷ್ಟಿ ಮಾಡಿದ್ರ ನೀನೂ ಅದ ಗ್ಯಾಂಗಿಗೆ," ಎಂದು ಸಾಹೇಬರು ಹೋದರು.

ಬ್ಯಾಟರಿ ನೋಡಿದೆ, ತುಂಬಿತ್ತು. ಮೋಟಾರು ಗಟ್ಟಿಯಾಗಿ ತಿರುಗುತ್ತಿತ್ತು. ಪೈಪುಗಳ ಉದ್ದಕ್ಕೂ ಕೈಯಾಡಿಸಿದೆ, ಎಲ್ಲಿಯೂ ಸೋರಿಕೆಯಿಲ್ಲ. ಎತ್ತಿದಷ್ಟು ಎತ್ತಿ ಹಾಗೇ ಬಿಟ್ಟೆ. ಕೈಗಳು ಕೆಳಗೆ ಜಾರಲಿಲ್ಲ. ಅಂದಮೇಲೆ ಸಿಲಿಂಡರು ಚೆನ್ನಾಗಿತ್ತು. ಒತ್ತಡ ಕಾಯುವ ವಾಲ್ವನ್ನು ಬಿಚ್ಚಿ ತೊಳೆದು ಕೂಡಿಸಿದೆ. ಗಾಡಿ ಮತ್ತೆ ಸೊಂಟಕ್ಕೇ ನಿಂತಿತು. ಎಣ್ಣೆ ಕಡಿಮೆಯಾಗಿರಬಹುದು ಎಂದು ಟಾಕಿಯ ಮುಚ್ಚಳ ಬಿಚ್ಚಿದೆ. ಅದಕ್ಕೇ ಅಳತೆಯ ಕಡ್ಡಿ ಜೋಡಿಸಿರುತ್ತಾರೆ. ಎಣ್ಣೆ ಸರಿಯಾಗಿತ್ತು. ಮುಚ್ಚಳ ತಿರುವಿ ಹಿಡಿಕೆ ಎಳೆದೆ.

ಗಾಡಿ ಸರ್ರನೆ ಮಾಡಿನವರೆಗೆ ಕೈ ಎತ್ತಿತು!

"ನೋಡ್ರಿ ಮಾವಾರ, ನಿಮ್ಮ ಅಳಿಯಾ ಅಂದ್ರ ಏನಂತ ತಿಳಕೊಂಡೀರಿ!" ಎಂದು ಕೂಗುತ್ತ ಓಡಿಹೋಗಿ ಸಾಹೇಬರನ್ನು ಕರೆತಂದೆ. ಅವರ ಮುಂದೆ ಒಂದು ಸಲ ಎತ್ತಿತು. ಇನ್ನೊಂದು ಸಲ ಎತ್ತಲು ಹೋಗಿ ಸೊಂಟದ ಮಟ್ಟಕ್ಕೆ ಬಂದು ಎಮ್ಮೆಯಂತೆ ಒದರತೊಡಗಿತು. ಸಾಹೇಬರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ ಹೊರಟುಹೋದರು. ಬೈದಿದ್ದರೆ ಚೆನ್ನಾಗಿತ್ತು.

ಹೊರಗೆ ಬಿಸಿಲು ಇಳಿಯುತ್ತಿತ್ತು. ಮಾವ ಗೋಡೆಗೆ ಆತು ನಿಂತು, ಹೆಗಲ ಮೇಲಿನ ವಸ್ತ್ರವನ್ನು ಸೊಂಟಕ್ಕೆ ಬಿಗಿದು ಸುತ್ತಿಕೊಳ್ಳುತ್ತಿದ್ದರು. ಹಮಾಲರು ರೀಲಿಗೆ ಕೈ ಹಚ್ಚುವ ಮೊದಲು ಹಾಗೆ ಕಟ್ಟುತ್ತಾರೆ. ನಾಳೆಗೆ ಎಷ್ಟು ಬಿಗಿ ತಡೆದೀತು ಎಂದು ಇಂದೇ ನೋಡಿಕೊಳ್ಳುತ್ತಿದ್ದರು.

"ಬಿಡ್ರಿ ಅಳ್ಯಾರ. ಶಿವಾ ಕೊಟ್ಟಿದ್ದ, ಶಿವಾ ತಗೊಂಡ."

"ಶಿವಗ ನಿಮ್ಮ ಸೊಂಟಾ ತಗೊಂಡು ಏನ ಮಾಡೂದೈತ್ರಿ?" ಎಂದೆ. ಚೇಷ್ಟೆ ಮಾಡಲು ಹೋದೆ, ಅವರು ವಸ್ತ್ರವನ್ನು ಇನ್ನೊಂದು ಸುತ್ತು ಬಿಗಿದರು.

ಗಾಡಿಯ ಪಕ್ಕ ಕುಕ್ಕರಿಸಿದೆ. ನನ್ನ ಜೀವಮಾನದಲ್ಲಿ ಎಷ್ಟೋ ಜನರನ್ನು ಆಡಿಸಿದ್ದೆ; ಈಗ ಒಂದು ಕಬ್ಬಿಣದ ಗಾಡಿ ನನ್ನನ್ನು ಆಡಿಸುತ್ತಿತ್ತು. ಆಡಿಸುವವನ ಬುದ್ಧಿ ಆಡಿಸುವವನಿಗೇ ಗೊತ್ತು. ಇದು ನನಗೆ ಯಾವಾಗ ಆಸೆ ಹುಟ್ಟಿಸಿತು ಎಂದು ಯೋಚಿಸಿದೆ. ಮುಚ್ಚಳ ಬಿಚ್ಚಿ ಮತ್ತೆ ಹಾಕಿದ ಮೇಲೆ. ಇನ್ನೊಂದು ವಿಷಯವೂ ಹೊಳೆಯಿತು: ರೀಲು ಹೊತ್ತಿರಲಿ, ಖಾಲಿಯಿರಲಿ, ಅದು ನಿಲ್ಲುತ್ತಿದ್ದುದು ಒಂದೇ ಎತ್ತರಕ್ಕೆ. ಪಂಪಿಗೆ ಶಕ್ತಿ ಇಲ್ಲದಿದ್ದರೆ ಖಾಲಿ ಕೈಯನ್ನಾದರೂ ಎತ್ತಬೇಕಿತ್ತು. ಇದಕ್ಕೆ ಶಕ್ತಿ ಇತ್ತು, ಎಣ್ಣೆ ಸಿಗುತ್ತಿರಲಿಲ್ಲ.

ಗಾಡಿ ಒದರುತ್ತಿರುವಾಗಲೇ ಮುಚ್ಚಳಕ್ಕೆ ಕೈಹಾಕಿ ನಿಧಾನವಾಗಿ ತಿರುವಿದೆ. ಹುಸ್ಸೆಂದು ಟಾಕಿ ಗಾಳಿಯನ್ನು ಒಳಗೆಳೆದುಕೊಂಡಿತು. ನೀರಲ್ಲಿ ಮುಳುಗಿ ಎದ್ದವನು ಉಸಿರೆಳೆದಂತೆ.

ಎಣ್ಣೆ ಹೊರಗೆ ಹೋದಷ್ಟು ಗಾಳಿ ಟಾಕಿಯೊಳಗೆ ಬರಬೇಕು. ಅದಕ್ಕಾಗಿ ಮುಚ್ಚಳದ ಅಂಚಿನಲ್ಲಿ ಸಣ್ಣ ತೂತುಗಳಿರುತ್ತವೆ. ತಿರುಗಿಸಿ ನೋಡಿದೆ. ಒಂದು ತೂತೂ ಕಾಣಲಿಲ್ಲ. ಎಲ್ಲವೂ ವಿಭೂತಿಯಿಂದ ಮುಚ್ಚಿಹೋಗಿದ್ದವು. ಮೊದಲು ಮುಚ್ಚಳ ಬಿಚ್ಚಿದಾಗ ಒಳಗೆ ಹೋದ ಗಾಳಿ ಒಂದೆರಡು ಸಲಕ್ಕಷ್ಟೇ ಸಾಕಾಗಿತ್ತು.

ಆ ಮುಚ್ಚಳ ದುಂಡಗೆ, ಕರ್ರಗೆ, ಥೇಟು ಲಿಂಗದಂತಿತ್ತು. ಮಾವ ಮನೆಯಲ್ಲಿ ಪೂಜೆ ಮುಗಿಸಿ ಬಂದವರು ದಿನಾ ಅದಕ್ಕೂ ಮೂರು ಬೆರಳಿನಿಂದ ಒದ್ದೆ ವಿಭೂತಿ ಎಳೆದು, ಒಂದು ಹೂವಿಟ್ಟು ಆಮೇಲೆ ಗಾಡಿ ಹತ್ತುತ್ತಿದ್ದರು. ದಿನದ ವಿಭೂತಿ ಎಣ್ಣೆಯ ಜಿಡ್ಡಿಗೆ ಕೂಡಿ ಗಾರೆಯಾಗಿತ್ತು. ಬೆಳಗಿನಿಂದ ಎರಡು ಸಲ ಆ ಮುಚ್ಚಳವನ್ನು ಕೈಯಲ್ಲಿ ಹಿಡಿದಿದ್ದೆ. ವಿಭೂತಿ ಮಾವನ ಹಣೆಯ ಮೇಲೆ ಇರುವಂತೆ ಅಲ್ಲಿಯೂ ಇತ್ತು. ಅದನ್ನು ಯಾರು ನೋಡುತ್ತಾರೆ?

ತೂತುಗಳನ್ನು ತಂತಿಯಿಂದ ಬಿಡಿಸಿ ಮುಚ್ಚಳ ಹಾಕಿದೆ. ಎತ್ತಿದೆ, ಇಳಿಸಿದೆ, ಎತ್ತಿದೆ. ನಿಲ್ಲಲೇ ಇಲ್ಲ. ಆದರೆ ನಾನು ಕರೆದರೆ ಸಾಹೇಬರು ಬರುವರೇ? ಮಾವನೇ ಹೋದರು. ಅವರು ಸುಳ್ಳು ಹೇಳಿದ್ದನ್ನು ಯಾರೂ ಕೇಳಿರಲಿಲ್ಲ.

"ತಪ್ಪು ನಂದ್ರಿ ಸಾಹೇಬ್ರ. ನಾನ ಈಬತ್ತಿ ಹಚ್ಚಿ ಅದರ ಉಸಿರು ಕಟ್ಟಿಸಿದ್ನಿ."

ಸಾಹೇಬರು ಬಂದರು. ನಾನು ತೂತುಗಳಿಗೆ ಒದ್ದೆ ವಿಭೂತಿ ಮೆತ್ತಿ ತೋರಿಸಿದೆ, ಗಾಡಿ ನಿಂತಿತು. ತೆಗೆದು ತೋರಿಸಿದೆ, ಮೇಲೆ ಹೋಯಿತು. ಸಾಹೇಬರು ತಾವೇ ಹಿಡಿಕೆ ಎಳೆದು ನೋಡಿದರು.

"ಪಂಪ್ ಚಲೋ ಐತಿ ಅಂದಂಗಾತು. ನಾನ ತಪ್ಪು ತಿಳಕೊಂಡೆ. ನೀವು ಗಾಡೀ ಮ್ಯಾಲ ಇರ್ರಿ. ಆದ್ರ ಇವತ್ತಿನಿಂದ ಮಷೀನಿಗೆ ಪೂಜಿ ಗೀಜಿ ಬಂದ್."

ನಾನು ಕುಣಿಯಲು ಕಾಲೆತ್ತಿದ್ದೆ. ಮಾವ ಗಾಡಿಯಿಂದ ಎರಡು ಹೆಜ್ಜೆ ಹಿಂದೆ ಸರಿದರು.

"ಪೂಜಿ ಇಲ್ಲದ ನಾ ಇದನ್ನ ಮುಟ್ಟಂಗಿಲ್ರಿ ಸಾಹೇಬ್ರ. ಗ್ಯಾಂಗಿಗೇ ಹೋಕ್ಕೇನಿ."

ಗಾಡಿಯನ್ನು ಬಿಚ್ಚಬಹುದು, ತೊಳೆಯಬಹುದು. ನಮ್ಮ ಮಾವನನ್ನು ಬಿಚ್ಚಲು ಯಾವ ಪಾನಾ ಇದೆ? ಇವರು ಹೋಗುತ್ತಾರೆ, ನಾಳೆ ರೀಲು ನೂಕುತ್ತಾರೆ, ನಾಡಿದ್ದು ನನ್ನ ಹೆಂಡತಿ ಅಪ್ಪನ ಹಾಸಿಗೆಯ ಪಕ್ಕ ಕೂತಿರುತ್ತಾಳೆ. ಬಾಯಿಗೆ ಬಂದದ್ದನ್ನು ಒದರಿದೆ.

"ಮಾವಾರ, ಈಬತ್ತಿ ಎಲ್ಲಿಗೆ ಹಚ್ಚಬೇಕ್ರಿ?"

"ಹಣಿಗೆ."

"ನೀವು ಹಚ್ಚಿದ್ದೆಲ್ಲಿಗೆ? ಗಾಡಿ ಉಸಿರಾಡೂದು ಅಲ್ಲಿಂದ. ಅದು ಮೂಗ್ರಿ! ಯಾ ಶರಣರು ಮೂಗಿನ ಹೊಳ್ಳ್ಯಾಗ ಈಬತ್ತಿ ತುರಕ್ಯಾರ ಹೇಳ್ರಿ ನೋಡೂಣು?"

ಹಮಾಲರಲ್ಲಿ ಯಾರೋ ಕಿಸಕ್ಕೆಂದರು. ಮಾವ ನಗಲಿಲ್ಲ. ಗಾಡಿಗೆ ಒಂದು ಸುತ್ತು ಬಂದರು.

"ಹಂಗಾರ ಇದರ ಹಣಿ ಎಲ್ಲೈತ್ರಿ?"

ನನಗೇನು ಗೊತ್ತು! ಮುಂದಿನ ಎರಡು ಕಂಬಗಳನ್ನು ಮೇಲೆ ಕೂಡಿಸುವ ಅಡ್ಡಪಟ್ಟಿಯತ್ತ ಕೈ ತೋರಿಸಿದೆ. ಎಲ್ಲರೂ ಸಾಹೇಬರ ಮುಖ ನೋಡಿದರು. ಅವರು ಏಣಿ ತರಿಸಿ, ತಾವೇ ಹತ್ತಿ, ಪಟ್ಟಿಯನ್ನು ಹಿಂದೆ ಮುಂದೆ ಸವರಿ, ಬೆರಳಿನಿಂದ ತಟ್ಟಿ ನೋಡಿದರು.

"ಇಲ್ಲೆ ಎಲ್ಲೂ ತೂತಿಲ್ಲ. ಹಚ್ಚರಿ."

ಮಾವ ಕೈ ತೊಳೆದು ಬಂದರು. ಏಣಿಯ ಮೇಲೆ ನಿಂತು ಮೂರು ಗೆರೆ ಎಳೆದು, ಇಳಿದು, ಗಾಡಿ ಹತ್ತಿ ಕೂತರು. ಪಾಳಿ ಮುಗಿಯಿತೆಂದು ಗಿರಣಿಯ ಭೋಂಗಾ ಕೂಗಿತು, ಆದರೂ ಯಾರೂ ಹೊರಡಲಿಲ್ಲ. ರೀಲು ಸೊಂಟದ ಮಟ್ಟಕ್ಕೆ ಬಂತು. ಎಲ್ಲರೂ ಉಸಿರು ಹಿಡಿದೆವು. ದಾಟಿತು. ಎದೆ, ತಲೆ ದಾಟಿ ಮೇಲೆ ಹೋಯಿತು. ನಾನು ಇದ್ದಲ್ಲೇ ನೆಲಕ್ಕೆ ಕೂತುಬಿಟ್ಟೆ. ನೋಡಿದವರು ಅದನ್ನೂ ನನ್ನ ಚೇಷ್ಟೆಯೆಂದೇ ತಿಳಿದು ನಕ್ಕರು.