ಎಡಗಣ್ಣಿನ ಹಳದಿ

ಆ ದಿನ ನಮ್ಮ ಮನೆಯ ದೊಡ್ಡ ಚಿಂತೆ, ಊಟಕ್ಕೆ ಬಂಗಡೆ ಸಿಗುತ್ತದೋ ಇಲ್ಲವೋ ಎಂಬುದು. ನಾನು ಪಾತ್ರೆ ಹಿಡಿದು ಮೀನಿನವನ ಸ್ಕೂಟರಿಗೆ ಕಿವಿಗೊಟ್ಟು ಅಂಗಳದಲ್ಲಿ ನಿಂತಿದ್ದೆ. ನನ್ನ ಹೆಂಡತಿ ಲೀಲಾ ಹಿತ್ತಿಲಲ್ಲಿ ಭಜಿಗೆಂದು ಕುಂಬಳದ ಗಂಡುಹೂ ಕೊಯ್ಯುತ್ತಿದ್ದಳು. ಮಳೆ ಬಿಟ್ಟು ಬಿಸಿಲು ಬಂದಿತ್ತು. ಅವಳು ಒಂದು ಹೂವನ್ನು ಬಿಸಿಲಿಗೆ ಹಿಡಿದು, ದಪ್ಪ ಕನ್ನಡಕವನ್ನು ಹಣೆಗೇರಿಸಿ, ಬಲಗಣ್ಣು ಮುಚ್ಚಿ ನೋಡಿದಳು.

"ಹೋಯ್, ಬನ್ನಿ ಇಲ್ಲಿ. ಇದ್ರ ಅಂಚೇ ಬೇರೆ, ನಡುವೇ ಬೇರೆ ಅದೆ."

"ಹಳದಿ ಹೂ ಹಳದಿನೇ ಮಾರಾಯ್ತಿ."

"ನಿಮ್ಗೆ ಬಂಗಡೆ ಬಿಟ್ರೆ ಎಂತ ಕಾಣ್ತದೆ?" ಎಂದು ನಕ್ಕಳು. "ಈ ಬಣ್ಣಕ್ಕೆ ನಾ ಸಣ್ಣವಳಿದ್ದಾಗ್ಲೇ ಒಂದು ಹೆಸರು ಇಟ್ಕಂಡಿದ್ದೆ, ಗೊತ್ತುಂಟಾ?"

ಹೆಸರನ್ನು ಹೇಳಿಯೂ ಬಿಟ್ಟಳು. ಆದರೆ ಅದೇ ಹೊತ್ತಿಗೆ ಗೇಟಿನಾಚೆ ಮೀನಿನವನ ಹಾರ್ನು ಬಡಿದುಕೊಂಡಿತು. ನಾನು "ಹೂಂ" ಎಂದು ಓಡಿದೆ.

ಸಂಸಾರಸ್ಥರ ಈ "ಹೂಂ" ಬಗ್ಗೆ ಯಾರಾದರೂ ಬರೆಯಬೇಕು. ಅದು ಒಪ್ಪಿಗೆಯಲ್ಲ, ಉತ್ತರವೂ ಅಲ್ಲ. ಕೇಳಿಸಿಕೊಳ್ಳದವನು ಕೇಳಿಸಿಕೊಂಡೆ ಎಂದು ಹಾಕುವ ಹೆಬ್ಬೆಟ್ಟು. ಆಮೇಲೆ ಕೇಳಿದರಾಯಿತು ಎಂಬ ಧೈರ್ಯದ ಮೇಲೆ ಅದು ನಿಂತಿರುತ್ತದೆ.

ಮರುದಿನ ಬೆಳಿಗ್ಗೆ ಲೀಲಾ ಏಳಲಿಲ್ಲ. ಹೃದಯ ನಿಂತಿದೆ ಎಂದರು. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಅವಳ ಎಡಗಣ್ಣಿನ ವಿಷಯ ಹೇಳಬೇಕು. ಅಂಕೋಲೆಯ ತವರಿನಲ್ಲಿ, ಚಿಕ್ಕಂದಿನಲ್ಲಿ, ಗೇರುಹಣ್ಣು ಆರಿಸುವಾಗ ಆ ಕಣ್ಣಿಗೆ ಕಡ್ಡಿ ಹೊಡೆದು ಪೊರೆ ಬಂದಿತ್ತು. ಡಾಕ್ಟರು ಕಣ್ಣಿನೊಳಗಿನ ಮಸೂರವನ್ನೇ ತೆಗೆದರು. ಬೇರೆಯದನ್ನು ಹಾಕಲಿಲ್ಲ, ದಪ್ಪ ಗಾಜು ಕೊಟ್ಟರು. ಕನ್ನಡಕ ತೆಗೆದರೆ ಆ ಕಣ್ಣಿಗೆ ಎಲ್ಲವೂ ಮಸುಕು. ಆದರೂ ಹೂ ಕಂಡಾಗ ಕನ್ನಡಕ ಮೇಲೇರುತ್ತಿತ್ತು, ಒಳ್ಳೆಯ ಕಣ್ಣು ಮುಚ್ಚುತ್ತಿತ್ತು. ಮದುವೆಯಾದ ಹೊಸತರಲ್ಲಿ ಅಂಕೋಲೆ ಬಸ್‌ಸ್ಟ್ಯಾಂಡಿನಲ್ಲಿ ಅವಳು ಹಾಗೆ ಮಾಡಿದಾಗ, ಅಷ್ಟು ಜನರ ನಡುವೆ ನನಗೆ ಕಣ್ಣು ಹೊಡೆದಳೆಂದು ನಾನು ಬೆವತುಹೋಗಿದ್ದೆ. ನಮ್ಮೂರು ಹಣಕೋಣ ಮುಟ್ಟುವವರೆಗೂ ಎದೆ ಡವಗುಡುತ್ತಿತ್ತು. ಅವಳು ನೋಡಿದ್ದು ನನ್ನ ಬೆನ್ನ ಹಿಂದಿನ ಬುಟ್ಟಿಯ ಸೇವಂತಿಗೆಯನ್ನು.

ದೀಪಾವಳಿ ಕಳೆದ ಮೇಲೆ ನನ್ನ ಕಣ್ಣಿಗೂ ಪೊರೆ ಬಂತು. ಕಾರವಾರದಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬರು ತಪಾಸಣೆ ಮಾಡಿ, "ಹೊಸ ಮಸೂರ ಹಾಕ್ತೇವೆ. ನೇರಳಾತೀತ ಕಿರಣವನ್ನ, ಹುಟ್ಟಿನಿಂದ ಬಂದ ಮಸೂರದ ಹಾಗೇ, ಅದೂ ತಡೀತದೆ, ಹೆದರ್ಬೇಡಿ" ಎಂದರು.

"ಮಸೂರವೇ ಇಲ್ದಿದ್ರೆ?"

"ಅಂಥವರಿಗೆ ಕನ್ನಡಕ ತೆಗೆದ್ರೆ ಆ ಬೆಳಕು ಒಂಚೂರು ಕಾಣ್ತದೆ. ಬಿಳಿ ಕಲೆಸಿದ ನೀಲಿಯ ಹಾಗೆ ಅಂತಾರೆ. ಜೇನುನೊಣಕ್ಕಂತೂ ಚೆನ್ನಾಗಿ ಕಾಣ್ತದೆ."

ಕಣ್ಣಿಗೆ ಔಷಧ ಬಿಟ್ಟಿದ್ದರು. ಹಾಗಾಗಿ ನೀರು ಏಕೆ ಬಂತೆಂದು ಯಾರೂ ಕೇಳಲಿಲ್ಲ.

ನೇರಳಾತೀತ ಎಂದರೆ ನೇರಳೆಯ ಆಚೆ. ನಮ್ಮೂರಲ್ಲಿ ನೇರಳೆ ಮರದ ಆಚೆ ಇರುವುದು ಕಾರವಾರದ ಬಸ್ಸು ನಿಲ್ಲುವ ಜಾಗ. ನನ್ನ ತಿಳಿವಳಿಕೆ ಅಲ್ಲಿಗೇ ಮುಗಿಯುತ್ತಿತ್ತು. ಆಮೇಲೆ ಲೈಬ್ರರಿಯಲ್ಲಿ ಮಕ್ಕಳ ವಿಜ್ಞಾನದ ಪುಸ್ತಕ ಹುಡುಕಿ ಓದಿದೆ. ದೊಡ್ಡವರದು ನನಗೆ ಅರ್ಥವಾಗಲಿಲ್ಲ. ಚಿಟ್ಟೆಗೆ, ಎಷ್ಟೋ ಹಕ್ಕಿಗಳಿಗೆ, ಹಿಮದ ನಾಡಿನ ಜಿಂಕೆಗೂ ಈ ಬೆಳಕು ಕಾಣುತ್ತದಂತೆ. ನಮಗೆ ಬರೀ ಹಳದಿಯಾಗಿ ತೋರುವ ಎಷ್ಟೋ ಹೂಗಳ ನಡುವೆ ಜೇನಿಗೆ ಬೇರೆಯೇ ಗುರುತು ಇರುತ್ತದಂತೆ, ಊಟ ಇಲ್ಲಿದೆ ಎಂದು ಬೋರ್ಡು ಹಾಕಿದ ಹಾಗೆ. ಪಾಪ, ಅದಕ್ಕೆ ಕೆಂಪು ಮಾತ್ರ ಕಾಣದು. ನಮ್ಮ ಅಂಗಳದ ಕೆಂಪು ದಾಸವಾಳ ಅದರ ಪಾಲಿಗೆ ಕಪ್ಪೋ ಏನೋ. ಯಾರ ಕಣ್ಣಿಗೂ ಎಲ್ಲವನ್ನೂ ಕೊಟ್ಟಿಲ್ಲ. ನನಗೆ ಕಾಣದ್ದು ನನ್ನ ಪಕ್ಕದಲ್ಲೇ ನಿಂತು "ಬನ್ನಿ ಇಲ್ಲಿ" ಎಂದು ಕರೆಯುತ್ತಿತ್ತು, ಅಷ್ಟೇ.

ಆ ಹೆಸರು ಯಾರಿಗಾದರೂ ಗೊತ್ತಿರಬೇಕಲ್ಲ. ಮೊದಲು ಮೀನಿನವನನ್ನು ಕೇಳಿದೆ. "ನನ್ನ ಹಾರ್ನು ನಂಗೇ ಕೇಳ್ಸೂದಿಲ್ಲ ಸಾಯ್ಬ್ರೆ" ಎಂದ. ಮತ್ತೆ ಅಂಕೋಲೆಗೆ ಹೋಗಿ ಲೀಲಾಳ ತಂಗಿ ಪ್ರೇಮಾಳನ್ನು ಕೇಳಿದೆ.

"ಇಷ್ಟು ವರ್ಷ ಬೇಕಾಯ್ತಾ ಭಾವ, ಇದ್ನ ಕೇಳೂಕೆ?" ಎಂದು ಮೊದಲು ಚುಚ್ಚಿದಳು. ಆಮೇಲೆ ಚಾ ಲೋಟ ಕೈಗೆ ಕೊಟ್ಟು ಎದುರಿಗೆ ಕೂತಳು. "ಎಂತೆಂತದೋ ಕಾಣ್ತದೆ ಅಂತಿದ್ಲು. ನಾವೆಲ್ಲ ಸೇರಿ 'ಸುಳ್ಳುಗಣ್ಣು' ಅಂತ ಕಾಡ್ಸಿದ್ವಿ. ಆಮೇಲೆ ನಮ್ಗೆ ಹೇಳೂದೇ ಬಿಟ್ಲು. ಹೆಸರು ಇಟ್ಟದ್ದೂ ನಂಗೆ ಗೊತ್ತಿಲ್ಲ. ನಿಮ್ಗಾದ್ರೂ ಹೇಳಿರ್ಬೇಕು ಅಂದ್ಕಂಡಿದ್ದೆ."

"ಹೂಂ" ಎಂದೆ. ಈ ಸಲ ಪೂರ್ತಿ ಕೇಳಿಸಿಕೊಂಡೇ ಅಂದದ್ದು.

ಈ ಮಳೆಗಾಲದಲ್ಲೂ ಕುಂಬಳದ ಬಳ್ಳಿ ಹೂ ಬಿಟ್ಟಿದೆ. "ಜೇನಿಗೂ ನಾಕು ಬಿಡೂದು" ಎಂಬುದು ಅವಳ ಪದ್ಧತಿ. ನಾನು ಎಲ್ಲವನ್ನೂ ಬಿಟ್ಟಿದ್ದೇನೆ, ಭಜಿ ಮಾಡಲು ನನಗೆ ಬರುವುದಿಲ್ಲ. ಬೆಳಿಗ್ಗೆ ಜೇನು ಬಂದು, ಯಾರನ್ನೂ ಕೇಳದೆ, ನೇರ ಹೂವಿನ ನಡುವಿಗೆ ಇಳಿಯುತ್ತದೆ. ಆಪರೇಷನ್ ಆದ ಮೇಲೆ ನನಗೂ ಹಳದಿ ತುಂಬ ಚೊಕ್ಕಟವಾಗಿ ಕಾಣುತ್ತಿದೆ. ಒಂದು ಕಣ್ಣು ಮುಚ್ಚಿಯೂ ನೋಡಿದೆ. ಹಳದಿಯೇ.

ಅವಳು ಇಟ್ಟ ಹೆಸರು ಮಾತ್ರ ನನಗೆ ಗೊತ್ತಿಲ್ಲ.