ಹನ್ನೊಂದು ಮಂದಿ ಕೈಮುಗಿದ ಫ್ಲೆಕ್ಸು

ಕೋಮಲಳಿಗೆ ಬಾಯಿ ಜಾಸ್ತಿ ಎಂದು ಅವಳ ಊರು ಹೆಡತಲೆಯಲ್ಲಿ ಹೇಳುತ್ತಾರೆ. ಅದು ಸುಳ್ಳು. ಅವಳು ಆಡುವುದು ಕಡಿಮೆ. ಎದುರಿಗಿರುವವರನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡುತ್ತಾಳೆ, ಅಷ್ಟೇ. ನೋಡಿಸಿಕೊಂಡವರಿಗೆ ಬೈಸಿಕೊಂಡಂತಾಗುತ್ತದೆ.

ಮೂರು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಟಿ. ನರಸೀಪುರಕ್ಕೆ ಓಡಾಡಿ ಬಿ.ಎಸ್ಸಿ. ಮುಗಿಸಿದಳು. ಫಲಿತಾಂಶ ಬರುವ ಮೊದಲೇ ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ, ಲಾರಿ ತೂಗುವ ವೇಬ್ರಿಡ್ಜಿನ ಗೂಡಿನಲ್ಲಿ, ಕಂಟ್ರಾಕ್ಟರನ ಕೈಕೆಳಗೆ ಎರಡನೇ ಶಿಫ್ಟಿನ ಕೆಲಸ ಹಿಡಿದಳು. ಆಮೇಲೆ ಮೈಸೂರಿನಲ್ಲಿ ಗಣಿತದ ಎಂ.ಎಸ್ಸಿ.ಗೆ ಸೀಟು ಸಿಕ್ಕಿತು. ಬೆಳಿಗ್ಗೆ ಪಾಠ, ಒಂದು ಗಂಟೆಗೆ ಬಸ್ಸು, ಎರಡಕ್ಕೆ ಲಾರಿ. ಕೂಲಿ ಮಾಡುತ್ತಿದ್ದ ಅಪ್ಪ ಕರಿಯಯ್ಯನ ಸೊಂಟ ಆಗಲೇ ಕೈಕೊಟ್ಟಿತ್ತು. ಅವಳ ಸಂಬಳ ನಿಂತರೆ ಓದೂ ನಿಲ್ಲುವಂತಿತ್ತು.

ಆದರೆ ಓದಿಸುವವರಿಗೂ ದುಡಿಸುವವರಿಗೂ ಒಂದೊಂದು ನಿಯಮ. 'ನಾನು ಎಲ್ಲೂ ಕೆಲಸದಲ್ಲಿಲ್ಲ' ಎಂದು ಕಾಲೇಜಿನವರು ಮುಚ್ಚಳಿಕೆ ಬರೆಸಿಕೊಂಡರು. 'ನಾನು ಎಲ್ಲೂ ಓದುತ್ತಿಲ್ಲ' ಎಂದು ಕಂಟ್ರಾಕ್ಟರನ ಕಡೆಯವರು ಬರೆಸಿಕೊಂಡರು. ಬಡವರ ಮಕ್ಕಳು ದುಡಿಯದೆ ಓದಬೇಕು, ಇಲ್ಲವೇ ಓದದೆ ದುಡಿಯಬೇಕು, ಎರಡೂ ಮಾಡಿದರೆ ಅಪರಾಧ. ಕೋಮಲ ಎರಡಕ್ಕೂ ಒಂದೇ ಪೆನ್ನಿನಲ್ಲಿ ಸಹಿ ಹಾಕಿದಳು. ಇಂಥ ಪೆದ್ದ ಪ್ರಶ್ನೆ ಕೇಳುವವರಿಗೆ ನಿಜ ಹೇಳುವುದು ದಂಡ ಎಂಬುದು ಅವಳ ಅಭಿಪ್ರಾಯವಾಗಿತ್ತು.

ಎರಡು ತಿಂಗಳು ಸುಸೂತ್ರವಾಗಿ ನಡೆಯಿತು. ಅಷ್ಟರಲ್ಲಿ ದೊಡ್ಡಸಿದ್ದಯ್ಯನಿಗೆ ಅಭಿಮಾನ ಉಕ್ಕಿತು. ಈತ ಊರಿನ ಮುಖಂಡ. ಯಾವ ಚುನಾವಣೆಯನ್ನೂ ಗೆದ್ದವನಲ್ಲ, ಯಾವುದನ್ನೂ ಬಿಟ್ಟವನೂ ಅಲ್ಲ. ನಮ್ಮ ಕಡೆ ಹುಟ್ಟಿದರೂ ಫ್ಲೆಕ್ಸು, ಸತ್ತರೂ ಫ್ಲೆಕ್ಸು. ಓದಿದರೆ ಬಿಡುತ್ತಾರೆಯೇ? ನಂಜನಗೂಡಿನ ರಸ್ತೆಗೆ ಮುಖ ಮಾಡಿ ಒಂದು ದೊಡ್ಡ ಫ್ಲೆಕ್ಸು ಎದ್ದಿತು. ಅದರ ತುಂಬ ಬಿಳಿ ಅಂಗಿಯ ಹನ್ನೊಂದು ಮಂದಿ ಕೈಮುಗಿದುಕೊಂಡಿದ್ದರು. ಅವರಲ್ಲಿ ಹತ್ತನೇ ತರಗತಿ ದಾಟಿದವರು ಇಬ್ಬರು. ಕೆಳಗಿನ ಮೂಲೆಯಲ್ಲಿ, ಪ್ರಿಂಟ್ ಮಾಡಿದವನ ಫೋನ್ ನಂಬರಿನ ಪಕ್ಕ, ಹಾಲ್ ಟಿಕೆಟ್ಟಿನಿಂದ ಎತ್ತಿದ ಕೋಮಲಳ ಮುಖ. ಅದರಡಿ, 'ಕಾರ್ಖಾನೆಯಲ್ಲಿ ದುಡಿಯುತ್ತಲೇ ಎಂ.ಎಸ್ಸಿ.ಗೆ ಪ್ರವೇಶ ಪಡೆದ ನಮ್ಮೂರ ಹೆಮ್ಮೆಯ ಪುತ್ರಿ ಕೋಮಲ ಅವರಿಗೆ ಹಾರ್ದಿಕ ಅಭಿನಂದನೆಗಳು.' ಅವಳು ಎರಡು ಕಡೆ ಮುಚ್ಚಿಟ್ಟಿದ್ದ ಎರಡು ನಿಜವನ್ನೂ ಆ ಪುಣ್ಯಾತ್ಮ ಒಂದೇ ಸಾಲಿಗೆ ತಂದು ನಿಲ್ಲಿಸಿದ್ದ.

ಅವಳು ಹೋಗಿ ಅದನ್ನು ಬಿಚ್ಚಿಸಿ ಎಂದು ಕೇಳಿಕೊಂಡಳು. ದೊಡ್ಡಸಿದ್ದಯ್ಯ ಅರ್ಥವಾದವನಂತೆ ತಲೆದೂಗಿದ.

"ಪೋಟ ಚಿಕ್ಕದಾಯ್ತು ಅಂತ ಬ್ಯಾಸ್ರನಾ ಮಗ? ಮುಂದ್ಲ ಸತಿ ದೊಡ್ಡದಾಗಿ ಆಕುಸ್ತೀನಿ ಬುಡು."

ಕೋಮಲ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವನು ಅದನ್ನು ಗೌರವ ಎಂದುಕೊಂಡ.

ಆ ಹನ್ನೊಂದು ಮಂದಿಯಲ್ಲಿ ನಾಲ್ಕನೆಯವನು ಅವಳ ಕಂಟ್ರಾಕ್ಟರನೇ. ಅವನು ತನ್ನ ಮುಖ ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ಆದರೆ ತನ್ನ ಫ್ಲೆಕ್ಸಿನದೊಂದು ಫೋಟೊ ತೆಗೆದುಕೊಂಡು ಬಾ ಎಂದು ಸೂಪರ್‌ವೈಸರ್ ಅಮೃತೇಶನನ್ನು ಅಟ್ಟಿದ. ಅಮೃತೇಶ ಕೊನೆಯ ಸಾಲಿನವರೆಗೂ ಓದಿದ.

ಅಮೃತೇಶ ಕೆಟ್ಟವನಲ್ಲ, ಪುಕ್ಕಲ. ಅವಳನ್ನು ಕರೆದು ಬಾಗಿಲು ಹಾಕಿದ. "ಫೋಟೊ ಅಷ್ಟು ಚಿಕ್ಕದಿದೆ, ಯಾರದ್ದು ಅಂತ ಗೊತ್ತಾಗಲ್ಲ. ಅದು ನಾನಲ್ಲ ಅಂತ ನಾಳೆ ಒಂದು ಲೆಟರ್ ಬರ್ಕೊಡಮ್ಮ. ಇಲ್ಲಾಂದ್ರೆ ನನ್ ಕೈಲಿ ಏನೂ ಆಗಲ್ಲ," ಎಂದ.

ಎರಡು ಸುಳ್ಳು ಬರೆದವಳಿಗೆ ಮೂರನೆಯದೇನು ಭಾರ? ಬರೆದುಕೊಡುತ್ತೇನೆ ಎಂದು ಒಪ್ಪಿಕೊಂಡು ಬಂದಳು.

ಮರುದಿನ ಬೆಳಿಗ್ಗೆ ಅವಳು ಕೂತ ಬಸ್ಸು ಫ್ಲೆಕ್ಸಿನ ಹತ್ತಿರ ಜನ ಹತ್ತಿಸಿಕೊಳ್ಳಲು ನಿಂತಿತು. ಕಿಟಕಿಯಲ್ಲಿ ನೋಡಿದರೆ ಅಪ್ಪ ಕೋಲೂರಿ ನಿಂತಿದ್ದಾನೆ. ಬೈಕಿನಲ್ಲಿ ಬಂದ ಯಾರನ್ನೋ ತಡೆದು, "ಇದ್ರಲ್ಲಿ ಏನ್ ಬರ್ದವ್ರೆ, ಒಸಿ ಓದಿ ಯೋಳಿ ಸಾ," ಎನ್ನುತ್ತಿದ್ದಾನೆ. ಆತ ಓದುತ್ತಿದ್ದರೆ ಕರಿಯಯ್ಯನ ತುಟಿಯೂ ಜೊತೆಗೇ ಆಡುತ್ತಿತ್ತು. ಅಕ್ಷರ ಬಾರದ ಅವನಿಗೆ ಆ ಸಾಲು ಆಗಲೇ ಬಾಯಿಪಾಠವಾಗಿತ್ತು. ಅಪ್ಪ ದಿನಾ ಬೆಳಿಗ್ಗೆ ಎಲ್ಲಿಗೋ ಹೋಗುತ್ತಾನೆ ಎಂದು ಅವ್ವ ಪುಟ್ಟಮಾದಮ್ಮ ವಾರದಿಂದ ಗೊಣಗುತ್ತಿದ್ದುದು ಇದಕ್ಕೇ.

ಲೋಕವನ್ನೆಲ್ಲ ಕಾಲ ಕಸದಂತೆ ಕಂಡವಳಿಗೆ, ಅದು ನಾನಲ್ಲ ಎಂದು ಬರೆಯಲು ಹೊರಟ ತನ್ನ ಬಗ್ಗೆಯೇ ಹೇಸಿಗೆಯಾಯಿತು.

ಮಧ್ಯಾಹ್ನ ವೇಬ್ರಿಡ್ಜಿನ ಗೂಡಿನಲ್ಲಿ ಕೂತು ಬರೆದಳು. 'ಫ್ಲೆಕ್ಸಿನಲ್ಲಿರುವುದು ನಾನೇ. ಉಳಿದ ಹನ್ನೊಂದು ಮಂದಿ ಯಾರೆಂದು ನನಗೆ ಗೊತ್ತಿಲ್ಲ.' ಅಮೃತೇಶ ಅದನ್ನು ಎರಡು ಸಲ ಓದಿ ಬೆವರೊರೆಸಿಕೊಂಡ. ಅವತ್ತಿಗೇ ಅವಳ ಕೆಲಸ ಹೋಯಿತು.

ಹಾಗಾಗಿ ಕಾಲೇಜಿಗೆ ಬರೆದುಕೊಟ್ಟಿದ್ದ ಸುಳ್ಳು ತಾನಾಗಿಯೇ ನಿಜವಾಯಿತು. ಒಂಬತ್ತು ದಿನ ನಿಜವಾಗಿಯೇ ಇತ್ತು. ಹತ್ತನೇ ದಿನ ಟಿ. ನರಸೀಪುರದ ಒಂದು ಅಕ್ಕಿ ಗಿರಣಿಯಲ್ಲಿ ಮೂಟೆ ತೂಗುವ ಕಾಟಾದ ಬಳಿ ಕೂತಳು. ಓದುತ್ತಿದ್ದೇನೆ ಎಂದು ಮೊದಲೇ ಹೇಳಿದಳು. ತೂಕ ಸರಿಯಿದ್ದರೆ ಸಾಕು ಎಂದ ಗಿರಣಿಯವನು. ಬಸ್ಸು ಎರಡಾದವು, ನಿದ್ದೆ ಅರ್ಧವಾಯಿತು. ಎರಡು ವರ್ಷಕ್ಕೆ ಎಂ.ಎಸ್ಸಿ. ಪಾಸಾಯಿತು.

ದೊಡ್ಡಸಿದ್ದಯ್ಯ ದೊಡ್ಡ ಫೋಟೊ ಕೇಳಿಕೊಂಡು ಮನೆಗೇ ಬಂದ.

"ನನ್ ಪೋಟ ಬ್ಯಾಡ ದೊಡ್ಡಪ್ಪ, ಎಸ್ರೂ ಬ್ಯಾಡ. ನಿಮ್ಮವೇ ಇರ್ಲಿ," ಎಂದಳು ಕೋಮಲ.

ಅವನಿಗೆ ಖುಷಿಯೋ ಖುಷಿ. ಜಾಗ ಉಳಿಯಿತಲ್ಲ, ಹನ್ನೊಂದು ಮಂದಿ ಹದಿನೈದಾದರು. ಮೇಲೆ 'ಎಂ.ಎಸ್ಸಿ. ಸಾಧನೆಗೆ ಅಭಿನಂದನೆಗಳು' ಎಂದಿತ್ತು. ಕರಿಯಯ್ಯ ಕೋಲೂರಿಕೊಂಡು ಹೋಗಿ ಎಂದಿನಂತೆ ಒಬ್ಬನನ್ನು ತಡೆದು ಓದಿಸಿದ. ಹದಿನೈದು ಹೆಸರೂ ಮುಗಿದ ಮೇಲೆ ಕೇಳಿದ.

"ಓದ್ದೋರು ಯಾರ್ ಸಾ ಇವ್ರಲ್ಲಿ?"

ಆ ಮನುಷ್ಯ ಪಾಪ, ಇನ್ನೊಮ್ಮೆ ಮೇಲಿಂದ ಕೆಳಗೆ ಹುಡುಕಿ, ಯಾರೂ ಕಾಣುವುದಿಲ್ಲ ಅಜ್ಜ ಎಂದ. ಕರಿಯಯ್ಯ ಆ ಹದಿನೈದು ಮಂದಿಯನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ ಮನೆ ಕಡೆ ಹೊರಟ.