ಗಂಗವ್ವಕ್ಕನ ಬಾವಿಯ ಮೇಲ್ನೀರು

ಗಂಗವ್ವಕ್ಕ, ನಿಮ್ಮ ಬಾವಿಗೆ ಪೆಟ್ರೋಲು ಸುರಿದವನು ನಿಮ್ಮ ಮೈದುನ ಸದಾಶಿವ ಅಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ — ಬರೀ ಬಾಯಿ ಮುಚ್ಚಿಕೊಂಡಿದ್ದರೂ ಆಗುತ್ತಿತ್ತು, ನಾನು ಸುಳ್ಳನ್ನು ಬಾಟಲಿಗೆ ತುಂಬಿ ಕಳಿಸಿದೆ.

ರಾಯಬಾಗದಿಂದ ಕುಡಚಿಗೆ ಹೋಗುವ ರಸ್ತೆಯಲ್ಲಿ, ಪೆಟ್ರೋಲ್ ಪಂಪಿನ ಹಿಂದೆ ನಿಮ್ಮ ಮನೆ. ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಬಾವಿಯ ನೀರು ಪೆಟ್ರೋಲು ವಾಸನೆ ಹೊಡೆಯತೊಡಗಿತು, ಎಮ್ಮೆಗಳು ಮೂಸಿ ನೋಡಿ ಹಿಂದೆ ಸರಿದವು. ನೀವು ಸರಕಾರಕ್ಕೆ ಅರ್ಜಿ ಕೊಟ್ಟಿರಿ. ಪಂಪಿನ ನೆಲದೊಳಗಿನ ಟ್ಯಾಂಕು ಸೋರುತ್ತಿದೆಯೇ ಎಂದು ತಿಳಿಯಲು ನಮ್ಮ ಕಚೇರಿ ಸುತ್ತಲಿನ ಬಾವಿಗಳ ಮೇಲೆ ಕಣ್ಣಿಟ್ಟಿತು. ಆಗಾಗ ಬಂದು ಬಾಟಲಿಗೆ ನೀರು ತುಂಬಿ ಬೆಳಗಾವಿಗೆ ಪರೀಕ್ಷೆಗೆ ಕಳಿಸುವ ಕೆಲಸ ನನ್ನದು.

ಅಲ್ಲಿ ಯಾರೂ ಯಾರನ್ನೂ ನಂಬುತ್ತಿರಲಿಲ್ಲ. ಪಂಪಿನ ಮಾಲೀಕರು ನನ್ನ ಬೆನ್ನ ಹಿಂದೆಯೇ ಬಂದು ನಿಲ್ಲುತ್ತಿದ್ದರು. ನೀವು ನನ್ನ ಕೈಯನ್ನೇ ನೋಡುತ್ತಿದ್ದಿರಿ. ನಾನೋ — ಸದಾಶಿವನನ್ನು. ಟೆಂಪೋ ಓಡಿಸುವವನು, ಮನೆಯಲ್ಲಿ ಪೆಟ್ರೋಲಿನ ಡಬ್ಬಿ ಇಟ್ಟುಕೊಂಡವನು, ಹೊಲದ ಪಾಲಿನ ವಿಷಯಕ್ಕೆ ಅಣ್ಣನ ಜೊತೆ ಮಾತು ಬಿಟ್ಟವನು. ಇವನದೇ ಕೆಲಸ ಎಂದು ಮೊದಲ ದಿನವೇ ತೀರ್ಮಾನಿಸಿಬಿಟ್ಟೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ.

ನಾನೂ ಬಾವಿ ನೀರು ಸೇದಿ ಬೆಳೆದವನು. ಬಕೆಟ್ಟು ನೀರು ಮುಟ್ಟಿದೊಡನೆ ಹಗ್ಗವನ್ನು ಅತ್ತಿತ್ತ ಆಡಿಸಿ, ಮೇಲಿನ ಕಸಕಡ್ಡಿ ಬದಿಗೆ ಸರಿಸಿ, ಆಮೇಲೆ ಮುಳುಗಿಸುವುದು ಕೈಗೆ ರೂಢಿಯಾದದ್ದು. ಅಂದೂ ಹಾಗೇ ಮಾಡಿದೆ. ಪೆಟ್ರೋಲು ನೀರಿನ ಮೇಲೆ ತೇಲುತ್ತದೆ ಎನ್ನುವುದು — ಇಷ್ಟು ಓದಿದವನಿಗೆ — ಹೊಳೆಯಲೇ ಇಲ್ಲ. ನೀರಿನಲ್ಲಿ ದೋಷವಿಲ್ಲ ಎಂದು ವರದಿ ಬಂತು. ಅದನ್ನು ತಿಳಿಸಲು ಬಂದವನು, ನೀವು ಕೇಳದಿದ್ದರೂ, ಅಂಗಳದಲ್ಲಿ ನಿಂತು ಅಂದೆ:

"ಇದು ಪಂಪಿಂದು ಅಲ್ಲರಿ. ನೆಲದಾಗಿಂದ ಒಸರಿದ್ರ ನೀರೆಲ್ಲ ಕೆಡತಿತ್ತು. ಮ್ಯಾಲಿಂದ ಯಾರೋ ಹಾಕ್ಯಾರ. ಮನ್ಯಾಗ ವಿಚಾರಿಸ್ರಿ."

ಆ ಸಂಜೆಯೇ ನೀವು ಸದಾಶಿವನ ಟ್ರಂಕನ್ನು ಹೊರಗೆ ಎಸೆದಿರೆಂದು ಮುಂದಿನ ಸಲ ಬಂದಾಗ ಗೊತ್ತಾಯಿತು. ಆಣೆ ಮಾಡಿದನಂತೆ, ಅತ್ತನಂತೆ, ಯಾರೂ ನಂಬಲಿಲ್ಲವಂತೆ. ಕುಡಚಿ ಸ್ಟೇಷನ್ನಿನ ಹತ್ತಿರ ಒಂದು ಖೋಲಿ ಬಾಡಿಗೆಗೆ ಹಿಡಿದನಂತೆ. ಆದರೆ ವಾಸನೆ ಹೋಗಿರಲಿಲ್ಲ. ಅವನೇ ಕದ್ದು ಬಂದು ಸುರಿಯುತ್ತಾನೆ ಅಂದಿರಿ ನೀವು. ನನಗೆ ಮಾತ್ರ ಆಗ ಹೊಳೆಯಿತು: ಪೆಟ್ರೋಲು ಮೇಲೆ ತೇಲುತ್ತದೆ, ನಾನು ತುಂಬಿ ಕಳಿಸಿದ್ದು ಕೆಳಗಿನ ನೀರು.

ಅಂದು ಹಗ್ಗ ಆಡಿಸದೆ, ಮೆಲ್ಲಗೆ, ಮೇಲಿನ ನೀರನ್ನೇ ತುಂಬಿಕೊಂಡು ಎತ್ತಿದೆ. ಬಕೆಟ್ಟಿನ ತುಂಬ ಬಣ್ಣಬಣ್ಣದ ಎಣ್ಣೆಪದರ, ಮೂಗಿಗೆ ರಪ್ಪನೆ ಬಡಿಯುವ ವಾಸನೆ. ಯಾರೋ ಒಮ್ಮೆ ಸುರಿದದ್ದು ಇಷ್ಟು ತಿಂಗಳು ಉಳಿಯುವುದಿಲ್ಲ — ಅದು ಪಂಪಿನ ಕಡೆಯಿಂದಲೇ ಒಸರುತ್ತಿತ್ತು. ಬಕೆಟ್ಟನ್ನು ಬಾವಿಯ ಪಕ್ಕಕ್ಕೆ ಚೆಲ್ಲಿದೆ. ಮತ್ತೆ ಇಳಿಬಿಟ್ಟೆ. ಈ ಸಲ ಆಡಿಸಿದೆ — ಚೆನ್ನಾಗಿ ಆಡಿಸಿದೆ. ಆ ನೀರನ್ನೇ ಬಾಟಲಿಗೆ ತುಂಬಿದೆ.

"ಸಾಹೇಬ್ರ, ಮೊದಲಿಂದು ಯಾಕ ಚೆಲ್ಲಿದ್ರಿ?" ಎಂದು ಕೇಳಿದಿರಿ.

"ಕಸ ಇತ್ರಿ," ಅಂದೆ.

ಅನುಮಾನವೇ ಉಸಿರಾಗಿದ್ದ ಆ ಅಂಗಳದಲ್ಲಿ ನೀವು ನಂಬಿದ್ದು ನನ್ನೊಬ್ಬನನ್ನು. ಕುಡಿಯುವ ನೀರು ಸೇದುವಾಗ ನಾವೂ ಹಾಗೇ ಮಾಡುತ್ತೇವೆ ಎಂದು ತಲೆಯಾಡಿಸಿದಿರಿ. ನಾನು ಆಡಿದ ಮಾತು ತಪ್ಪೆಂದು, ಒಂದು ಮನೆ ಒಡೆದವನು ನಾನೆಂದು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವುದು... ಆಗಲಿಲ್ಲ. ವರ್ಗವಾಗುವ ತನಕ ಹಾಗೇ ಆಡಿಸುತ್ತ ಬಂದೆ.

ನಾನು ಅಥಣಿಗೆ ಹೋದ ಮೇಲೆ ಪಂಪಿನವರು ಹಳೆಯ ಟ್ಯಾಂಕು ಕಿತ್ತು ಹೊಸದು ಹೂಳಿಸಿದರು. ವಾಸನೆ ನಿಧಾನಕ್ಕೆ ನಿಂತಿತು. ಸದಾಶಿವನಿಗೆ ಈಗ ಬುದ್ಧಿ ಬಂದಿದೆ, ಅದಕ್ಕೇ ನಿಂತಿದೆ ಎಂದು ನೀವು ಹೇಳುತ್ತಿದ್ದೀರಂತೆ. ನಿಮ್ಮ ಯಜಮಾನರು ತೀರಿಕೊಂಡ ದಿನ ಅವನು ಬಂದಿದ್ದನಂತೆ, ನೀವು ಒಳಗೆ ಬಿಡಲಿಲ್ಲವಂತೆ, ಪಂಪಿನ ಮಗ್ಗುಲಲ್ಲಿ ನಿಂತು ಅಣ್ಣನ ಹೆಣ ಹೋಗುವುದನ್ನು ದೂರದಿಂದ ನೋಡಿದನಂತೆ. ಅದನ್ನು ಕೇಳಿದಂದಿನಿಂದ ನನಗೆ ಊಟ ಸೇರುತ್ತಿಲ್ಲ.

ನಾಳೆ ಕುಡಚಿಗೆ ಹೋಗುತ್ತೇನೆ. ಮೊದಲು ಅವನಿಗೆ ಹೇಳುತ್ತೇನೆ — ಹೊಡೆದರೆ ಹೊಡೆಸಿಕೊಳ್ಳುತ್ತೇನೆ. ಬರಲು ಒಪ್ಪಿದರೆ ಕರೆದುಕೊಂಡು ಬಂದು, ನಿಮ್ಮ ಓಣಿಯವರೆಲ್ಲ ಕೇಳುವಂತೆ ಇದನ್ನೇ ಮತ್ತೆ ಹೇಳುತ್ತೇನೆ. ಆಮೇಲೆ ನೀವು ಅವನನ್ನು ಒಳಗೆ ಕರೆಯಿರಿ, ಅಕ್ಕ. ನನ್ನನ್ನು ಕರೆಯಬೇಡಿ.